ಕಾಗೆಯಷ್ಟು ಕಪ್ಪು

ಅಯ್ಯೋ, ಏಳ್ಬೇಡ ಕಣೆ ಅಕ್ಕ! ತಾಳು, ಈ ಪಟ್ಟಿ ಬಿಚ್ತೀನಿ. ಯಾಕೆ ನಗ್ತೀಯ? ಮನೇಲಿ ನಿನ್ನ ದರ್ಬಾರು, ಈ ಸ್ಕ್ಯಾನ್ ರೂಮಲ್ಲಿ ಮಾತ್ರ ನಿನ್ನ ತಂಗೀದೇ ನಡೆಯೋದು!

ಸದ್ದು ಜೋರಿತ್ತಾ? ಗೋಡೆ ಒಡೆಯೋ ಥರ... ಹೂಂ. ನಂಗೆ ಅಭ್ಯಾಸ ಆಗ್ಹೋಗಿದೆ. ಏನು? ನನ್ನ ಕೈ ತಣ್ಣಗಿದೆಯಾ? ಎಸಿ ಕಣೆ, ಎಸಿ.

ಚಿತ್ರ ಬಂತು, ಚೆನ್ನಾಗೇ ಬಂತು. ಚೆನ್ನಾಗಿ ಅಂದ್ರೆ... ಸ್ಪಷ್ಟವಾಗಿ. ಡಾಕ್ಟ್ರು ನೋಡಿ ಹೇಳ್ತಾರೆ, ನಾನು ಬರೀ ಮಿಷನ್ ಓಡ್ಸೋಳು. ಗೊತ್ತು ಮಾರಾಯ್ತಿ, ಗೊತ್ತು! ಕಂಕುಳಿಗೆ ಹರಡಿಲ್ಲ ಅಂದ್ರೆ ಎದೆಯ ಗಡ್ಡೆ ತೆಗೆದು ಮನೆಗೆ ಕಳಿಸ್ತಾರೆ. ಹರಡಿದ್ರೆ... ಬಿಡ್ತು ಅನ್ನು! ಆ ಮಾತು ಈಗ್ಯಾಕೆ?

ಎತ್ತ ನೋಡ್ತಿದೀಯ? ಗಾಜಿನಾಚೆ... ಥೂ! ಕಂಪ್ಯೂಟರ್ ಪರದೆ ಆರಿಸೋಕೇ ಮರೆತೆ ನೋಡು. ಈ ಕಡೆ ತಿರುಗೇ.

ಹೌದು, ಅದು ನಿನ್ನ ಕಂಕುಳೇ. ಆ ಬಿಳಿ ಚುಕ್ಕೆಗಳಾ? ಒಳ್ಳೇದು ಕಣೆ ಅದು! ಹೆಂಗೆ ಫಳಫಳ ಹೊಳೀತಿವೆ! ನಿನ್ನೆ ಏರಿಸಿದ ಔಷಧಿ ಇದೆಯಲ್ಲ, ಅದ್ರಲ್ಲಿ ಕಬ್ಬಿಣದ ಕಣ. ನ್ಯಾನೋ ಅಂತಾರೆ, ಒಂದು ಕೂದಲನ್ನ ಸಾವಿರ ಸೀಳು ಸೀಳಿದ್ರೆ ಒಂದು ಸೀಳು ಇರುತ್ತಲ್ಲ, ಅಷ್ಟು ಸಣ್ಣ. ಎಲ್ಲರ ಕಂಕುಳಲ್ಲೂ ಸಣ್ಣ ಸಣ್ಣ ದುಗ್ಧಗ್ರಂಥಿ ಇರುತ್ತಲ್ಲ, ರಕ್ತದ ಜೊತೆ ಹೋಗಿ ಆ ಗಂಟು ಗಂಟಲ್ಲೂ ಕೂರುತ್ತೆ. ಕೂತು... ಹೊಳೆಯುತ್ತೆ. ಹೂಂ, ಹೊಳೆಯುತ್ತೆ. ಬೆಳಕು ಅಂದ್ರೆ ಒಳ್ಳೇದೇ ಅಲ್ವಾ?

ಯಾಕೆ ಮತ್ತೆ ಆ ಪರದೆ ಕಡೆಗೇ ತಿರುಗ್ತೀಯ?

ಬಿಳಿ ಇದ್ರೆ ಏನೂ ಭಯ ಇಲ್ಲ ಅಂತ ಹೇಳ್ತಿದೀನಲ್ಲ! ನಾನು ದಿನಾ ನೋಡೋಳು, ನನ್ನ ಮಾತು ನಂಬು. ಹಾಗೆ ನೋಡ್ಬೇಡ ನನ್ನ... ಚಿಕ್ಕಂದಿನಲ್ಲಿ ನಾನು ಸಕ್ಕರೆ ಡಬ್ಬಿ ಬೀಳಿಸಿ ಬೆಕ್ಕು ಬೀಳಿಸ್ತು ಅಂದಾಗ ನೀನು ಹಿಂಗೇ ನೋಡ್ತಿದ್ದೆ. ಬೈಯೇ! ನನ್ನ ಕಪ್ಪು ಬಣ್ಣ ನೋಡಿ ಆಗ ಬೈತಿದ್ದ ಹಾಗೆ 'ಕಾಗೆ, ಸುಳ್ಳಿ' ಅಂತ ಬೈದುಬಿಡು, ಆದ್ರೆ...

ಕಾಗೆ.

ಅಯ್ಯೋ... ನಿನ್ನೆ. ಔಷಧಿ ಹನಿಹನಿ ಇಳೀತಿದ್ದಾಗ ನೀನು ಹೆದರಿ ನನ್ನ ಸೆರಗು ಹಿಡ್ಕೊಂಡಿದ್ದೆ. ನಗಿಸೋಣ ಅಂತ ಬಾಯಿಗೆ ಬಂದಿದ್ದೆಲ್ಲ ಹೇಳಿದ್ದೆ. ಆರೋಗ್ಯವಾಗಿರೋ ಗಂಟು ಕಬ್ಬಿಣ ನುಂಗಿ ಕಪ್ಪಾಗುತ್ತೆ, ರೋಗ ಹೊಕ್ಕಿದ್ದು ನುಂಗಲ್ಲ, ಬೆಳ್ಳಗೇ ಉಳಿಯುತ್ತೆ... ನಾಳೆ ಎಲ್ಲಾ ನಿನ್ನ ಕಾಗೆಯಷ್ಟು ಕಪ್ಪಾಗಿರ್ಲಿ ಅಂತ ಬೇಡ್ಕೋ ಅಂದಿದ್ದೆ. ನಾನೇ, ಈ ಬಾಯಲ್ಲೇ.

ಅಕ್ಕಾ... ಬೇಡ್ಕೊಂಡಿದ್ಯೇನೇ?

ಅಳ್ಬೇಕಾದೋಳು ನೀನು ಕಣೆ. ನನ್ನ ಕಣ್ಣು ಯಾಕೆ ಒರೆಸ್ತಿದೀಯ?