ಗಡ್ಡೆ ಕಟ್ಟದ ಕೋಸು

ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿ ಕೂತಿದ್ದೆ. ಎದುರು ಬೆಂಚಿನಲ್ಲಿ ಅಕ್ಕ-ತಂಗಿ. ಕೆನ್ನೆ ಊದಿದ್ದು ತಂಗಿಗೆ.

“ನಿನ್ನ ಓರಗಿತ್ತಿ ಹಿತ್ತಿಲಲ್ಲಿ ಅದೇನೋ ಹೊಸ ಹೈಬ್ರಿಡ್ ಕೋಸು ಹಾಕಿದ್ಳಲ್ಲ ಅಕ್ಕ, ಬಂತಾ?”

“ಎಲ್ಲಿಂದ ಬರತ್ತೆ? ಬೀಜ ಕೊಟ್ಟವಳೇ ನಾನು. ಅದು ಗಡ್ಡೆ ಕಟ್ಟೋ ಜಾತಿಯೇ ಅಲ್ಲ. ದಂಟಿನ ಸುತ್ತ ಗುಲಾಬಿ ಮೊಗ್ಗಿನ ಹಾಗೆ ಪುಟ್ಟಪುಟ್ಟದು ಬಿಡತ್ತೆ, ಅದನ್ನೇ ತಿನ್ನೋದು.”

“ಅವಳಿಗೆ ಗೊತ್ತಿಲ್ವಾ?”

“ಮೊಗ್ಗೆಲ್ಲ ಚಿವುಟಿ ಹಾಕು, ಇಲ್ಲಾಂದ್ರೆ ಮೇಲೆ ಗಡ್ಡೆ ಕಟ್ಟಲ್ಲ ಅಂದಿದೀನಿ.”

“ಅಯ್ಯೋ! ಚಿವುಟಿದ್ದನ್ನ ಏನ್ಮಾಡ್ತಾಳೆ?”

“ನಮ್ಮನೆ ಮೊಲಕ್ಕೆ ಅಂತ ನಾನೇ ಹೋಗಿ ತರ್ತೀನಿ.”

“ನಿಮ್ಮನೇಲಿ ಮೊಲ ಎಲ್ಲಿದೆ?”

“ನಿನ್ನ ಭಾವನೇ ಮೊಲ. ಬೆಣ್ಣೇಲಿ ಹುರಿದು ಹಾಕಿದ್ರೆ ತಟ್ಟೆ ನೆಕ್ತಾರೆ.”

ತಂಗಿ ಕೆನ್ನೆ ಹಿಡಿದುಕೊಂಡು ನಕ್ಕಳು.

“ನಗಿಸಬೇಡ ಅಕ್ಕ, ಜೀವ ಹೋಗತ್ತೆ. ಪಾಪ, ಅವಳೇನು ಮಾಡಿದ್ಳು ನಿಂಗೆ?”

“ಅವಳು ಮದುವೆಯಾಗಿ ಬಂದಾಗಿಂದ ಮಾವನ ಬಾಯಲ್ಲಿ ಒಂದೇ ಮಾತು, ಕಿರಿಸೊಸೆ ಕೈಗುಣ, ಕಿರಿಸೊಸೆ ಕೈಗುಣ. ಈಗ ಅವರೇ ಅಂತಾರೆ, ಅವಳು ಮುಟ್ಟಿದ್ದೆಲ್ಲ ಬರಡು ಅಂತ.”

“ಮಕ್ಕಳಿಲ್ಲದವಳಿಗೆ ಆ ಮಾತಾ?”

“ಅಂದಿದ್ದು ಮಾವ. ನಾನಲ್ಲವಲ್ಲ?”

ಅಷ್ಟರಲ್ಲಿ ಅಕ್ಕನ ಫೋನ್ ಹೊಡೆದುಕೊಂಡಿತು.

“ಹೇಳಮ್ಮಾ… ಅಳ್ತಾರಾ ಅದಕ್ಕೆಲ್ಲ? ನಾನಿಲ್ವಾ ನಿಂಗೆ? ಇನ್ನೊಂದು ವಾರ ನೋಡು, ಗಡ್ಡೆ ಕಟ್ಟೇ ಕಟ್ಟತ್ತೆ. ಮೊಗ್ಗೆಲ್ಲ ಚಿವುಟಿದ್ಯಾ? ಒಂದನ್ನೂ ಬಿಡಬೇಡ. ಸಂಜೆ ಬಂದು ತಗೊಂಡು ಹೋಗ್ತೀನಿ.”

ಒಳಗಿನಿಂದ ತಂಗಿಯ ಸರದಿ ಕೂಗಿದರು. ಬಾಗಿಲ ಬಳಿ ಅವಳು ಅಕ್ಕನ ಕಡೆ ತಿರುಗಿದಳು.

“ನಂಗೂ ಒಂದಿಷ್ಟು ಎತ್ತಿಡು. ಸ್ವಲ್ಪ ಮೆತ್ತಗೆ ಬೇಯಿಸು, ಹಲ್ಲಿಗೆ ಆಗಲ್ಲ.”