ಹೆಸರು ಹಿಡಿದು ಕರೆದರೆ ಓಡಿಹೋದ ನಾಯಿ

ಇವತ್ತಿನ ವಿಷಯ ಬಹಳ ಗಹನವಾದದ್ದು. ಹೋದ ಸೋಮವಾರದ ಪ್ರವಚನದಲ್ಲಿ ಮಾಯೆ ಮುಗಿಯಿತು. ಅದರ ಹಿಂದಿನ ಸೋಮವಾರ ಮೋಕ್ಷವೂ ಮುಗಿಯಿತು. ಇನ್ನು ಉಳಿದಿರುವುದು, ಸಾಕಿದ ನಾಯಿ ಕಳೆದುಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬುದು. ನಗಬೇಡಿ. ಮೋಕ್ಷದ ದಿನ ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು, ಇವತ್ತು ಎಲ್ಲರೂ ಎಚ್ಚರವಾಗಿದ್ದೀರಿ. ಅಂದಮೇಲೆ ವಿಷಯ ದೊಡ್ಡದೇ ಇರಬೇಕು.

ಒಂದೂರು ಅಂತ ಇಟ್ಟುಕೊಳ್ಳಿ. ಊರಿಗೊಂದು ರೈಲುಹಳಿ, ಹಳಿಯ ಸಮೀಪ ಒಂದು ಶೇಂಗಾ ಎಣ್ಣೆಯ ಗಿರಣಿ, ಗಿರಣಿಗೊಬ್ಬ ಸಾಹುಕಾರ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಅವನು, ಅವನ ನಾಯಿ, ಬೆಳಿಗ್ಗೆ ಸಂಜೆ ಬಂದು ರೊಟ್ಟಿ ಬಡಿದು ಪಾತ್ರೆ ತೊಳೆದು ಹೋಗುವ ಹೊಳೆಬಸವ್ವ. ಇಷ್ಟೇ ಸಂಸಾರ. ನಾಯಿಯ ಹೆಸರು ಸರದಾರ.

ಸಾಹುಕಾರನಿಗೆ ನಾಯಿಯ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಅದು ಬಾಗಿಲಾಚೆ ಮಲಗಿ ಉಸಿರಾಡುವ ಸದ್ದು ಕೇಳದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಅವನದಲ್ಲದ ಉಸಿರು ಅದೊಂದೇ. ಆದರೆ ಇದನ್ನು ಬಾಯಿಬಿಟ್ಟು ಹೇಳಿದರೆ ಸಾಹುಕಾರಿಕೆಗೆ ಕುಂದಲ್ಲವೇ? ಹಾಗಾಗಿ ಹೇಳುತ್ತಿರಲಿಲ್ಲ. ನಾಯಿಯ ಹೆಸರು ಅವನ ಬಾಯಿಗೆ ಬರುತ್ತಿದ್ದದ್ದು ಯಾವಾಗ, ನೋಡಿ. ಚಪ್ಪಲಿ ಕಚ್ಚಿದಾಗ, ಸರದಾರಾ. ಮೈಮೇಲೆ ತಣ್ಣೀರು ಸುರಿಯಬೇಕಾದಾಗ, ಸರದಾರಾ. ಕಹಿ ಔಷಧಿ ಗಂಟಲಿಗೆ ತುರುಕಬೇಕಾದಾಗ, ಸರಪಳಿ ಬಿಗಿಯಬೇಕಾದಾಗ, ಬೆತ್ತ ಕೈಗೆ ಬಂದಾಗ, ಸರದಾರಾ. ಊಟ ಹಾಕುವಾಗ? ಊಟಕ್ಕೆ ಹೆಸರು ಬೇಕಿರಲಿಲ್ಲ, ತಟ್ಟೆಯ ಸದ್ದೇ ಸಾಕಿತ್ತು. ಹೀಗೆ ಆರು ವರ್ಷ. ಆ ಮೂಕಪ್ರಾಣಿಗೆ ತನ್ನ ಹೆಸರು ಚೆನ್ನಾಗಿ ಗೊತ್ತಿತ್ತು. ಅದು ಕಿವಿಗೆ ಬಿದ್ದರೆ ಹಿಂದೆಯೇ ಪೆಟ್ಟು ಬರುತ್ತದೆ ಎಂಬುದೂ ಗೊತ್ತಿತ್ತು.

ಹೊಳೆಬಸವ್ವ ಅದನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕೂತು, ರೊಟ್ಟಿಯ ಚೂರು ಪಕ್ಕದಲ್ಲಿಟ್ಟು, ಬೇರೆ ಕಡೆ ನೋಡುತ್ತಿದ್ದಳು. ನಾಯಿ ತಾನಾಗಿ ಬಂದು ಅವಳ ತೊಡೆಗೆ ತಲೆ ಆನಿಸುತ್ತಿತ್ತು. ನಾಯಿ ಕೆಟ್ಟದ್ದೇ ನಿನ್ನಿಂದ ಎಂದು ಸಾಹುಕಾರ ಎಷ್ಟೋ ಸಲ ಅವಳನ್ನು ಗದರಿದ್ದ.

ಆಯುಧಪೂಜೆ ಬಂತು. ನಮ್ಮವರ ಆಯುಧಪೂಜೆ ನಿಮಗೆ ಗೊತ್ತೇ ಇದೆ. ಯಂತ್ರಕ್ಕೆ ಕುಂಕುಮ, ತಕ್ಕಡಿಗೆ ಕುಂಕುಮ, ಲಾರಿಗೆ ಕುಂಕುಮ. ಅಲುಗಾಡದೆ ನಿಂತರೆ ನಿಮಗೂ ಹಚ್ಚುತ್ತಾರೆ. ಆ ವರ್ಷ ಸಾಹುಕಾರನಿಗೆ ಒಂದು ಹುಕಿ ಬಂತು: ಗಿರಣಿ ಕಾಯುವ ನಾಯಿಯೂ ಆಯುಧವೇ ತಾನೆ? ಅದರ ಕೊರಳಿನ ಹಳೇ ಚರ್ಮದ ಪಟ್ಟಿ ಬಿಚ್ಚಿಸಿದ. ಮನೆಯ ಫೋನ್ ನಂಬರ್ ಕೆತ್ತಿದ್ದ ಬಿಲ್ಲೆ ಅದರಲ್ಲೇ ಇತ್ತು. ಇರಲಿ, ನನ್ನ ನಾಯಿ ಯಾರಿಗೆ ಗೊತ್ತಿಲ್ಲ ಅಂದ. ಹಿತ್ತಾಳೆ ಗೆಜ್ಜೆಯ ಹೊಸ ಪಟ್ಟಿ ಕಟ್ಟಿಸಿದ, ಒಳಗೆ ಒಂದು ಮುಷ್ಟಿ ತೂರುವಷ್ಟು ಸಡಿಲ. ಚೆಂಡುಹೂವಿನ ಹಾರ ಹಾಕಿಸಿ, ಪಟ್ಟಿಗೆ ಸರಪಳಿ ಸಿಕ್ಕಿಸಿ, ಎರಡು ಲಾರಿಗಳ ನಡುವೆ ಕಟ್ಟಿ ನಿಲ್ಲಿಸಿದ. ಪಟ್ಟಿ ಸಡಿಲಾಯಿತು, ಗಿರಣಿಯ ಗೇಟು ಬೇರೆ ತೆರೆದಿದೆ ಎಂದು ಪೂಜೆಗೆ ಬಂದಿದ್ದ ಹೊಳೆಬಸವ್ವ ಹೇಳಿ ನೋಡಿದಳು. ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ಅವಳಿಗೇ ಬೈಗುಳ ಬಿತ್ತು.

ಬೂದುಗುಂಬಳ ಒಡೆದರು. ಸರಪಟಾಕಿಗೆ ಕಿಡಿ ಮುಟ್ಟಿಸಿದರು. ಎರಡನೇ ಸದ್ದಿಗೆ ಪಟ್ಟಿ ನೆಲದ ಮೇಲಿತ್ತು, ನಾಯಿ ಗೇಟಿನ ಆಚೆಗಿತ್ತು.

ಗಿರಣಿಯ ಹಮಾಲರೆಲ್ಲ ಕೈಗೊಂದು ಕೋಲು ಹಿಡಿದು ಹೊರಟರು. ಓಣಿ ಓಣಿಯಲ್ಲೂ ಸರದಾರಾ, ಸರದಾರಾ. ಅದು ಹುಡುಕುವುದೇ? ಅಟ್ಟುವುದು. ಸಂಜೆ ನಾಲ್ಕರ ಹೊತ್ತಿಗೆ, ಕೊರಳಲ್ಲಿ ಹೂವಿನ ಹಾರ ಇರುವ ನಾಯಿಯೊಂದು ಹಳಿಯ ಈಚೆ ಕಲ್ಲುರಾಶಿಯ ನೆರಳಲ್ಲಿ ಕೂತಿದೆ ಎಂದು ಸುದ್ದಿ ಬಂತು. ಸಾಹುಕಾರ ಓಡಿದ. ಹಿಂದೆ ಹಮಾಲರು. ಅವರ ಹಿಂದೆ, ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೊಳೆಬಸವ್ವ.

ಇಪ್ಪತ್ತು ಮಾರು ದೂರದಲ್ಲಿ ನಾಯಿ ನಡುಗುತ್ತಿತ್ತು. ಅದರ ಬೆನ್ನಿಗೇ ಹಳಿ.

"ಸಾವ್ಕಾರ್ರ, ಹೆಸರು ಹಿಡೀಬ್ಯಾಡ್ರಿ," ಅಂದಳು ಅವಳು, ಸಣ್ಣ ದನಿಯಲ್ಲಿ. "ನೆಲಕ್ಕ ಕುಂದರ್ರಿ. ಅದನ್ನ ನೋಡಬ್ಯಾಡ್ರಿ, ಈ ಕಡೆ ಮಾರಿ ಮಾಡ್ರಿ. ತಾನ ಬರ್ತೈತಿ."

ನೆಲಕ್ಕೆ ಕೂರುವುದು. ಉಟ್ಟದ್ದು ಹಬ್ಬದ ರೇಷ್ಮೆ ಧೋತರ, ಹಿಂದೆ ನಿಂತದ್ದು ತಾನು ಕೂಲಿ ಕೊಡುವ ಜನ. ನಾಯಿಯ ಮುಂದೆ ಮಣ್ಣಲ್ಲಿ ಕೂತವನ ಮಾತನ್ನು ನಾಳೆ ಗಿರಣಿಯಲ್ಲಿ ಯಾರು ಕೇಳುತ್ತಾರೆ? ಆದರೂ ನೋಡಿ, ಅವನ ಮೊಣಕಾಲು ಬಾಗಿತು. ಅರ್ಧ ಬಾಗಿತು.

"ನಾಯಿಗೆ ನಮಸ್ಕಾರ ಹಾಕಾಕತ್ಯಾರ ನೋಡ್ರಪಾ ಸಾವ್ಕಾರ್ರು," ಎಂದಿತು ಹಿಂದಿನಿಂದ ಒಂದು ದನಿ.

ಮೊಣಕಾಲು ನೆಟ್ಟಗಾಯಿತು. ಅಷ್ಟರಲ್ಲಿ ತಿರುವಿನ ಆಚೆ ರೈಲು ಕೂಗಿತು. ಸಾಹುಕಾರನ ಎದೆ ಬಾಯಿಗೆ ಬಂತು. ಆರು ವರ್ಷದ ಪ್ರೀತಿಯೂ ಬಾಯಿಗೆ ಬಂತು, ಸುಳ್ಳಲ್ಲ. ಆದರೆ ಆ ಪ್ರೀತಿಗೆ ಗೊತ್ತಿದ್ದದ್ದು ಒಂದೇ ಶಬ್ದ. ಗಂಟಲು ಹರಿಯುವ ಹಾಗೆ ಕೂಗಿದ: "ಸರದಾರಾ."

ನಾಯಿ ಎದ್ದಿತು. ಅವನ ಮುಖ ನೋಡಿತು. ಬಾಲವನ್ನು ಕಾಲ ಸಂದಿಗೆ ಸಿಕ್ಕಿಸಿಕೊಂಡು, ಆ ದನಿಯಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗಲಿಕ್ಕೆಂದು ಹಳಿಯ ಮೇಲೆ ಓಡಿತು.

ನಾಯಿ ಸಾಕದವರು ಈಗ ಸಮಾಧಾನ ಮಾಡಿಕೊಳ್ಳುತ್ತಿದ್ದೀರಿ, ಈ ಕಥೆ ನಮಗಲ್ಲ ಅಂತ. ಹೌದೇ? ನಿನ್ನೆ ಮನೆಯಲ್ಲಿ ಯಾರನ್ನು ಹೆಸರು ಹಿಡಿದು ಕರೆದಿರಿ, ಯಾತಕ್ಕೆ ಕರೆದಿರಿ, ಸ್ವಲ್ಪ ನೆನೆಸಿಕೊಳ್ಳಿ. ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕದ್ದಕ್ಕೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದಕ್ಕೆ. ಅಂಗಿಯ ಗುಂಡಿ ಹೊಲಿಯದ್ದಕ್ಕೆ. ನಿಮ್ಮ ಕೂಗು ಕೇಳಿದರೆ ಒಳಕೋಣೆಯಲ್ಲಿರುವ ಮಗಳು ಎದ್ದು ಬರುತ್ತಾಳೋ, ಏನು ತಪ್ಪು ಮಾಡಿದೆ ಅಂತ ಯೋಚಿಸುತ್ತಾ ಕೂರುತ್ತಾಳೋ? ಅವಳಿಗೆ ದಾರಿ ತಪ್ಪಿದ ದಿನ, ರೈಲು ಕೂಗಿದ ದಿನ, ನೀವು ಕರೆಯುತ್ತೀರಿ. ಕರೆದೇ ಕರೆಯುತ್ತೀರಿ. ಆವತ್ತು ಅವಳು ಯಾವ ಕಡೆಗೆ ಓಡಬೇಕು?

ನಾಯಿ ಇದ್ದವರು ಇವತ್ತು ಮನೆಗೆ ಹೋಗಿ ಪಟ್ಟಿ ಬಿಗಿಯಾಗಿದೆಯೇ, ಬಿಲ್ಲೆಯ ನಂಬರ್ ಅಳಿಸಿದೆಯೇ ನೋಡಿ. ಪಟಾಕಿಯ ದಿನ ಅದನ್ನು ಒಳಗೆ ಹಾಕಿ ಬಾಗಿಲು ಮುಚ್ಚಿ. ನಾಯಿ ಇರಲಿ ಬಿಡಲಿ, ಮನೆಯ ಒಬ್ಬೊಬ್ಬರನ್ನೂ ದಿನಕ್ಕೊಂದು ಸಲ ಸುಮ್ಮನೆ ಹೆಸರು ಹಿಡಿದು ಕರೆಯಿರಿ. ಬಂದು, ಏನು ಎಂದು ಕೇಳಿದರೆ ಏನಿಲ್ಲ ಅನ್ನಿ. ಕೈಯಲ್ಲಿ ತಿನ್ನುವುದೇನಾದರೂ ಇದ್ದರೆ ಕೊಡಿ. ಮೊದಲ ವಾರ ಅವರು ಹೆದರುತ್ತಾರೆ. ನೀವು ನಿಲ್ಲಿಸಬೇಡಿ.

ಸಾಹುಕಾರ ಕೊನೆಗೂ ನೆಲಕ್ಕೆ ಕೂತ. ಆಗ ರೈಲು ಹೋಗಿಯಾಗಿತ್ತು. ಹಮಾಲರು ಹಳಿಯ ಪಕ್ಕದಲ್ಲೇ ಗುಂಡಿ ತೋಡಿದರು. ಹೊಳೆಬಸವ್ವ ಸೆರಗಿನ ರೊಟ್ಟಿ ಬಿಚ್ಚಿ ಒಳಗಿಟ್ಟಳು. ನಾಯಿಯನ್ನು ಹೂಳಿದರು.