ಆರಡಿ ಮೈಗೆ ಸರಿಯಾದ ಕುರ್ಚಿ

ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡ ಗಿಡ್ಡನೆಯ ಟೈಪಿಸ್ಟ್, ಪಕ್ಕದಲ್ಲಿ ಆಕೆಯ ಆರಡಿ ಮ್ಯಾನೇಜರ್.

“ಕುರ್ಚಿ, ಮೇಜು ಎಲ್ಲ ಸರಿಯಿದೆ ಅಂತ ಪರೀಕ್ಷೆ ಮಾಡೋಕೆ ಬಂದೋರೇ ಹೇಳಿ ಹೋದ್ರಲ್ಲ. ಇನ್ನೇನ್ರೀ ನಿಮ್ಮ ಗೋಳು?”

“ಆವತ್ತು ನನ್ನ ಕುರ್ಚೀಲಿ ಕೂತು ತೋರಿಸಿದ್ದು ಯಾರು ಸರ್?”

“ನಾನೇ. ನೀವೆಲ್ಲಿದ್ರಿ?”

“ಡಾಕ್ಟರ ಹತ್ರ. ಇದೇ ಕುತ್ತಿಗೆ ತೋರಿಸೋಕೆ.”

“ಯಾರು ಕೂತರೇನು, ಕುರ್ಚಿ ಅದೇ ತಾನೇ?”

“ನಿಮ್ಮ ಕಾಲು ನೆಲಕ್ಕೆ ಸಿಗುತ್ತೆ, ನನ್ನದು ನೇತಾಡುತ್ತೆ. ಕಂಪ್ಯೂಟರ್ ನಿಮ್ಮ ಕಣ್ಣಿಗೆ ನೇರ, ನಾನು ದಿನವಿಡೀ ಕತ್ತೆತ್ತಿ ನೋಡ್ಬೇಕು.”

“ಮೈಗಳ್ಳತನಕ್ಕೆ ನೂರೆಂಟು ನೆಪ!”

ಲಿಫ್ಟ್ ಬಂತು. ಮ್ಯಾನೇಜರ್ ಒಳಗೆ ಹೋದರು. ಆಕೆ ಕದಲಲಿಲ್ಲ.

“ಬನ್ರೀ, ಕೆಲಸ ರಾಶಿ ಬಿದ್ದಿದೆ.”

“ಕುರ್ಚಿ ನಿಮ್ಮ ಮೈಗೆ ಸರಿಹೋಗಿದೆಯಲ್ಲ ಸರ್. ನೀವೇ ಕೂತು ಟೈಪ್ ಮಾಡಿ.”

ಬಾಗಿಲು ಮುಚ್ಚಿಕೊಂಡಿತು.